ಚಿಕ್ಕಪ್ಪನಿಗೊಂದು ಮರದ ಡಕೋಟಾ

ಚಿಕ್ಕಪ್ಪನಿಗೆ 75 ತುಂಬುವುದಕ್ಕೆ ಇನ್ನೆರಡು ತಿಂಗಳಿತ್ತು. ಅವರಿಗೆ ಏನು ಕೊಡೋದು ಅನ್ನೋದು ನನಗೆ ಪ್ರತಿ ವರ್ಷದ ತಲೆನೋವು. ಶರ್ಟು ಕೊಟ್ಟರೆ ಬೀರು ಸೇರುತ್ತದೆ, ಗಡಿಯಾರ ಕೊಟ್ಟರೆ ಡಬ್ಬಿಯಲ್ಲೇ ಉಳಿಯುತ್ತದೆ. ಬೇಕು ಅಂತ ಅವರು ಬಾಯಿಬಿಟ್ಟು ಕೇಳಿದ್ದೇ ಇಲ್ಲ. ಇಷ್ಟ ಅನ್ನೋದು ಮಾತ್ರ ಒಂದಿದೆ, ವಿಮಾನ. ದುಡಿದಷ್ಟು ವರ್ಷವೂ ವಿಮಾನದ ಹೊಟ್ಟೆಯ ಕೆಳಗೇ ದುಡಿದವರು. ಪೈಲಟ್ ಅಲ್ಲ, ಮೆಕ್ಯಾನಿಕ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರ ಕೈಗೆ ಬಂದಿದ್ದು ಡಕೋಟಾ. ಆಮೇಲೆ ಎಷ್ಟೋ ಬೇರೆ ವಿಮಾನಗಳನ್ನು ಬಿಚ್ಚಿ ಜೋಡಿಸಿದರು. ಆದರೆ ಮಾತಿಗೆ ಕೂತರೆ ಸುತ್ತಿ ಬಳಸಿ ಡಕೋಟಾಕ್ಕೇ ಬಂದು ನಿಲ್ಲುತ್ತಾರೆ.

ಸರಿ, ಮರದಲ್ಲಿ ಒಂದು ಡಕೋಟಾ ಕೆತ್ತಿ ಕೊಡೋಣ ಅಂದುಕೊಂಡೆ. ನನಗೆ ಮರಗೆಲಸ ಅಷ್ಟಿಷ್ಟು ಬರುತ್ತದೆ. ಪುಸ್ತಕದ ಕಪಾಟು, ಎರಡು ಸ್ಟೂಲು, ಒಂದು ಗೂಡು ಮಾಡಿದ್ದೇನೆ. ಎಲ್ಲಾ ನೇರ ಗೆರೆ, ಮೂಲೆಮಟ್ಟ ಇಟ್ಟು ಮಾಡೋ ಕೆಲಸ. ವಿಮಾನದಲ್ಲಿ ಮೂಲೆಮಟ್ಟ ಇಡೋಕೆ ಜಾಗವೇ ಇಲ್ಲ ಅಂತ ಗೊತ್ತಾಗಿದ್ದು ನಕ್ಷೆ ಮುಂದಿಟ್ಟುಕೊಂಡ ಮೇಲೆ.

ಡಕೋಟಾ ಅಂದರೆ ಡಗ್ಲಸ್ ಕಂಪನಿಯ ಡಿಸಿ-3. ಮೊದಲ ಸಲ ಹಾರಿದ್ದು 1935ರ ಡಿಸೆಂಬರ್ 17ರಂದು. ರೈಟ್ ಸಹೋದರರು 1903ರಲ್ಲಿ ಹಾರಿದ ತಾರೀಕೂ ಅದೇ. ಯುದ್ಧದ ಕಾಲದಲ್ಲಿ ಸೈನ್ಯಕ್ಕಾಗಿ ಮಾಡಿದ ಸಿ-47 ಎಲ್ಲ ಸೇರಿ ಹತ್ತು ಸಾವಿರಕ್ಕೂ ಹೆಚ್ಚು ತಯಾರಾದವು. ಡಕೋಟಾ ಅನ್ನೋದು ಬ್ರಿಟಿಷರು ಇಟ್ಟ ಹೆಸರು. ರೆಕ್ಕೆ ತುದಿಯಿಂದ ತುದಿಗೆ ಸುಮಾರು 29 ಮೀಟರ್, ಮೈ 19.6 ಮೀಟರ್. ಅದನ್ನು 72ರಿಂದ ಭಾಗಿಸಿದರೆ ರೆಕ್ಕೆ 40 ಸೆಂಟಿಮೀಟರ್, ಉದ್ದ 27 ಸೆಂಟಿಮೀಟರ್. ಟೀವಿ ಪಕ್ಕ ಇಡೋಕೆ ಹೇಳಿ ಮಾಡಿಸಿದ ಅಳತೆ.

ಮೊದಲ ಎಡವಟ್ಟು ಮರ ಮುಟ್ಟುವ ಮೊದಲೇ ಆಯಿತು. ಮೇಲಿನಿಂದ, ಪಕ್ಕದಿಂದ, ಮುಂದಿನಿಂದ ನೋಡಿದ ಮೂರು ನೋಟಗಳನ್ನು ಪ್ರಿಂಟ್ ತೆಗೆದೆ. ಎರಡನ್ನು ಒಂದು ದಿನ, ಮೂರನೆಯದನ್ನು ಮಾರನೇ ದಿನ. ಸುಮ್ನೆ ಒಂದು ಸಲ ಸ್ಕೇಲ್ ಇಟ್ಟು ನೋಡಿದೆ. ಪಕ್ಕದ ನೋಟದಲ್ಲಿ ಮೈ 27.2 ಸೆಂಟಿಮೀಟರ್, ಮೇಲಿನ ನೋಟದಲ್ಲಿ 26.4. ಪ್ರಿಂಟರ್ ತಾನಾಗಿಯೇ ಹಾಳೆಗೆ ಹೊಂದಿಸುವುದಕ್ಕೆ ಚಿತ್ರವನ್ನು ಕುಗ್ಗಿಸಿತ್ತು. ಎಂಟು ಮಿಲಿಮೀಟರ್ ಅಂದರೆ ಕಡಿಮೆ ಅಲ್ಲ, ಆ ಅಳತೆಯಲ್ಲಿ ಅದು ಕಾಕ್‌ಪಿಟ್ಟಿನ ಜಾಗವನ್ನೇ ತಪ್ಪಿಸುತ್ತದೆ. ನೂರಕ್ಕೆ ನೂರು ಅಂತ ಗುರುತು ಹಾಕಿ ಮೂರನ್ನೂ ಮತ್ತೆ ತೆಗೆದೆ.

ಮರದ ವಿಷಯದಲ್ಲಿ ಸ್ವಲ್ಪ ತಲೆ ಕೆಡಿಸಿಕೊಂಡೆ. ತೇಗ ನೋಡೋಕೆ ಚಂದ, ಆದರೆ ಎಣ್ಣೆ ಅಂಶ ಜಾಸ್ತಿ, ಅಂಟು ಹಿಡಿಯೋಕೆ ಸತಾಯಿಸುತ್ತದೆ. ಬಾಲ್ಸಾ ಹಾರುವ ಮಾದರಿಗೆ ಸರಿ. ನೋಡೋಕೆ ಇಡುವ ಮಾದರಿಗೆ ಅದು ತೀರಾ ಮೆತ್ತಗಾಯಿತು, ಉಗುರು ತಾಗಿದರೂ ಗುಳಿ ಬೀಳುತ್ತದೆ. ಕೊನೆಗೆ ಶಿವನೆ ಮರ ಆರಿಸಿದೆ. ತೆಳು ಬಣ್ಣ, ಹಗುರ, ಚಾಕುವಿಗೆ ಜಗಳವಾಡದೆ ಬಗ್ಗುತ್ತದೆ. ಒಣಗಿದ ಮೇಲೆ ಅಷ್ಟಾಗಿ ತಿರುಚಿಕೊಳ್ಳುವುದೂ ಇಲ್ಲ. ಬಣ್ಣ ಬಳಿಯೋದು ಬೇಡ, ಮರ ಮರದ ಹಾಗೇ ಕಾಣಲಿ ಅಂತ ಆಗಲೇ ತೀರ್ಮಾನಿಸಿದೆ. ಬಣ್ಣ ಬಳಿದರೆ ಪ್ಲಾಸ್ಟಿಕ್ಕಿಗೂ ಮರಕ್ಕೂ ವ್ಯತ್ಯಾಸ ಯಾರಿಗೆ ಗೊತ್ತಾಗುತ್ತದೆ?

ಮೈಯಿಂದ ಶುರು ಮಾಡಿದೆ. ಒಂದೇ ದಿಮ್ಮಿ ತೆಗೆದುಕೊಳ್ಳದೆ ಎರಡು ತೆಳು ಹಲಗೆಗಳನ್ನು ಬೆನ್ನಿಗೆ ಬೆನ್ನು ಹಾಕಿ ಅಂಟಿಸಿದೆ. ಇದಕ್ಕೊಂದು ಕಾರಣ ಇದೆ. ಪೆನ್ಸಿಲಿನಲ್ಲಿ ಎಳೆದ ನಡುಗೆರೆ ಎರಡು ಸಲ ಚಾಕು ಆಡಿಸಿದರೆ ಹೋಗಿಬಿಡುತ್ತದೆ. ಅಂಟಿನ ಗೆರೆ ಎಷ್ಟು ಕೆತ್ತಿದರೂ ಹೋಗುವುದಿಲ್ಲ. ಮೂಗಿನಿಂದ ಬಾಲದವರೆಗೆ ಮೇಲೂ ಕೆಳಗೂ ಅದೇ ದಾರಿ ತೋರಿಸುತ್ತದೆ. ಆ ಗೆರೆಯಿಂದ ಎಡಕ್ಕೆಷ್ಟು ಬಲಕ್ಕೆಷ್ಟು ಅಂತ ಯಾವಾಗ ಬೇಕಾದರೂ ಅಳೆಯಬಹುದು. ಒಂದು ರಾತ್ರಿ ಕ್ಲಾಂಪಿನಲ್ಲಿ ಬಿಗಿದಿಟ್ಟು, ಬೆಳಿಗ್ಗೆ ತೋಪಡ ಹೊಡೆದು ನಾಲ್ಕೂ ಮುಖ ಸಮ ಮಾಡಿದೆ.

ಪಕ್ಕದ ನೋಟವನ್ನು ಒಂದು ಮುಖಕ್ಕೆ, ಮೇಲಿನ ನೋಟವನ್ನು ಇನ್ನೊಂದಕ್ಕೆ ಅಂಟಿಸಿದೆ. ಮೊದಲು ಪಕ್ಕದ ಗೆರೆಯ ಮೇಲೆ ಗರಗಸ ಆಡಿಸಬೇಕು. ಆಗ ಮೇಲಿನ ನೋಟ ಅಂಟಿಸಿದ ಚೂರು ಕಳಚಿ ಬರುತ್ತದೆ. ಅದನ್ನು ಎಸೆಯಬಾರದು. ಟೇಪ್ ಸುತ್ತಿ ಇದ್ದ ಜಾಗದಲ್ಲೇ ಕೂರಿಸಿ, ದಿಮ್ಮಿ ಮತ್ತೆ ಚೌಕಾಕಾರವಾದ ಮೇಲೆ ಇನ್ನೊಂದು ನೋಟದ ಗೆರೆ ಕತ್ತರಿಸಬೇಕು. ಟೇಪ್ ಬಿಚ್ಚಿದಾಗ ಕೈಯಲ್ಲಿ ಉಳಿಯೋದು ಚೌಕ ಮೈಯ ವಿಮಾನ. ಮಕ್ಕಳು ಬೆಂಕಿಪೆಟ್ಟಿಗೆಯಲ್ಲಿ ಮಾಡಿದ ಹಾಗೆ. ಆದರೂ ನೋಡಿದ ಕೂಡಲೇ ಡಕೋಟಾ ಅಂತ ಗುರುತು ಸಿಗುತ್ತದೆ. ನನಗೆ ಇಡೀ ಕೆಲಸದಲ್ಲಿ ಅತಿ ಖುಷಿ ಕೊಟ್ಟ ಗಳಿಗೆ ಅದು. ಅರ್ಧ ಗಂಟೆ ಕೈಯಲ್ಲಿ ಹಿಡಿದುಕೊಂಡೇ ಓಡಾಡಿದೆ.

ಚೌಕದಿಂದ ದುಂಡಗೆ ಬರೋದು ತಾಳ್ಮೆಯ ಕೆಲಸ. ಒಮ್ಮೆಗೇ ದುಂಡಗೆ ಮಾಡಲು ಹೋದರೆ ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು ಆಗುತ್ತದೆ. ನಾಲ್ಕು ಮೂಲೆ ಸವರಿ ಎಂಟು ಮುಖ ಮಾಡಬೇಕು, ಎಂಟನ್ನು ಹದಿನಾರು. ಆಮೇಲೆ ಅರ, ಆಮೇಲೆ ಉಪ್ಪು ಕಾಗದ. ನಡುನಡುವೆ ಹಿಡಿದು ನೋಡಲು ರಟ್ಟಿನಲ್ಲಿ ಅರ್ಧಚಂದ್ರದ ಹಾಗೆ ಅಚ್ಚು ಕತ್ತರಿಸಿಕೊಂಡಿದ್ದೆ, ಮೂಗಿಗೊಂದು, ಹೊಟ್ಟೆಗೊಂದು, ಬಾಲದ ಕಡೆಗೆ ಎರಡು. ಎಡಗಡೆ ಹಿಡಿದು ನೋಡಿದ ಅಚ್ಚನ್ನೇ ಮಗುಚಿ ಬಲಗಡೆ ಹಿಡಿಯಬೇಕು. ಎರಡಕ್ಕೂ ಬೇರೆ ಬೇರೆ ಅಚ್ಚು ಮಾಡಿದರೆ ಎರಡೂ ಬೇರೆ ಬೇರೆ ಥರ ತಪ್ಪಾಗುತ್ತವೆ. ಅದಕ್ಕೇ ಅಚ್ಚಿನ ರಟ್ಟಿನ ಮೇಲೆ ದಪ್ಪಗೆ ಬರೆದುಕೊಂಡಿದ್ದೆ: "ಎಡ ಮಗುಚಿದರೆ ಬಲ." ಆ ಸಾಲನ್ನು ಆಮೇಲೆ ನಾನು ವೇದವಾಕ್ಯದ ಹಾಗೆ ಪಾಲಿಸಿದೆ.

ಮೂಗಿನ ಹತ್ತಿರ ಬಂದಾಗ ಚಾಕು ಒಂದು ಸಲ ಒಳಕ್ಕೆ ಸಿಗಿದುಕೊಂಡು ಹೋಯಿತು. ತಪ್ಪು ನನ್ನದೇ. ಎಳೆ ಯಾವ ಕಡೆ ಓಡುತ್ತಿದೆ ಅಂತ ನೋಡದೆ ಎದುರು ದಿಕ್ಕಿನಲ್ಲಿ ಕೆತ್ತಿದ್ದೆ. ಉಬ್ಬಿದ ಜಾಗದಿಂದ ಇಳಿಜಾರಿನ ಕಡೆಗೇ ಚಾಕು ಹೋಗಬೇಕು, ಬೆಕ್ಕಿನ ಮೈ ಸವರಿದ ಹಾಗೆ. ಎದ್ದ ಸಿಬರನ್ನು ಅಂಟು ಹಾಕಿ ಕೂರಿಸಿ ದಾರ ಸುತ್ತಿಟ್ಟೆ. ಈಗ ಹುಡುಕಿದರೂ ಕಾಣಿಸದು. ನನಗೆ ಮಾತ್ರ ಕಾಣುತ್ತದೆ.

ರೆಕ್ಕೆ ಕಷ್ಟ ಅಂತ ಗೊತ್ತಿತ್ತು, ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಡಕೋಟಾದ ರೆಕ್ಕೆ ಒಂದೇ ತುಂಡಲ್ಲ. ಮೈಯ ಕೆಳಗೆ ಹಾದುಹೋಗುವ ನಡುಭಾಗ ಮಟ್ಟವಾಗಿದೆ, ಇಂಜಿನ್ ಕೂರುವುದು ಅದರ ಮೇಲೆ. ಅಲ್ಲಿಂದಾಚೆ ಎರಡೂ ಕಡೆಯ ರೆಕ್ಕೆಗಳು ಸ್ವಲ್ಪ ಮೇಲಕ್ಕೆದ್ದು ಹೋಗುತ್ತವೆ. ಮುಂದಿನ ಅಂಚು ಹಿಂದಕ್ಕೆ ವಾಲಿದೆ, ಹಿಂದಿನ ಅಂಚು ಹೆಚ್ಚುಕಡಿಮೆ ನೇರ. ಹಾಗಾಗಿ ನಾನೂ ಮೂರು ತುಂಡಿನಲ್ಲೇ ಮಾಡಿದೆ. ಎಳೆ ಉದ್ದಕ್ಕೆ, ಅಂದರೆ ರೆಕ್ಕೆಯ ಬುಡದಿಂದ ತುದಿಯ ಕಡೆಗೆ ಓಡಬೇಕು. ಇಲ್ಲದಿದ್ದರೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ.

ರೆಕ್ಕೆಯನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ನೀರಿನ ಹನಿ ಮಲಗಿದ ಹಾಗಿರುತ್ತದೆ. ಮುಂದೆ ದುಂಡು, ಮುಂದಿನಿಂದ ಮೂರನೇ ಒಂದು ಪಾಲಿನ ಹತ್ತಿರ ಅತಿ ದಪ್ಪ, ಅಲ್ಲಿಂದ ಹಿಂದಕ್ಕೆ ಸಪೂರ ಆಗುತ್ತಾ ಅಂಚು ಕಾಗದದಷ್ಟು. ಬುಡದಲ್ಲಿ ದಪ್ಪ, ತುದಿಗೆ ತೆಳು. ಎರಡು ಕಡೆಗೂ ಇಳಿಜಾರು ಒಟ್ಟಿಗೇ ಬರಬೇಕು. ಕಾಗದವನ್ನು ಬೆರಳಿನಲ್ಲಿ ಒತ್ತಿ ಉಜ್ಜಿದರೆ ಬೆರಳಿನಷ್ಟಗಲ ತಗ್ಗಾಗುತ್ತದೆ. ಮಟ್ಟವಾದ ಮರದ ತುಂಡಿಗೆ ಕಾಗದ ಸುತ್ತಿ ಉಜ್ಜಬೇಕು. ಇದು ಗೊತ್ತಿದ್ದೂ ಅವಸರಕ್ಕೆ ಬೆರಳಿನಲ್ಲೇ ಉಜ್ಜಿದೆ. ಎಡ ರೆಕ್ಕೆಯ ಹಿಂದಿನ ಅಂಚು ತೆಳುವಾಗಿ, ಬೆಳಕಿಗೆ ಹಿಡಿದರೆ ಕೆಂಪಗೆ ಹೊಳೆಯುವಷ್ಟಾಗಿ, ಆಮೇಲೆ ಟಪ್ ಅಂತ ಎರಡಂಗುಲ ಸೀಳಿ ಕೈಗೆ ಬಂತು. ರಾತ್ರಿ ಹನ್ನೊಂದು ಗಂಟೆ. ದೀಪ ಆರಿಸಿ ಮಲಗಿದೆ. ಅಂಥ ಹೊತ್ತಿನಲ್ಲಿ ರಿಪೇರಿಗೆ ಕೈ ಹಾಕಿದರೆ ಇನ್ನೊಂದು ರೆಕ್ಕೆಯೂ ಹೋಗುತ್ತದೆ ಅನ್ನೋದು ಸ್ಟೂಲು ಮಾಡುವಾಗಲೇ ಕಲಿತ ಪಾಠ. ಮಾರನೇ ದಿನ ಹೊಸ ತುಂಡಿನಲ್ಲಿ ಹೊಸ ಎಡ ರೆಕ್ಕೆ ಮಾಡಿದೆ, ಬಲ ರೆಕ್ಕೆಯನ್ನು ಪಕ್ಕದಲ್ಲಿ ಮಗುಚಿಟ್ಟುಕೊಂಡು.

ನಡುಭಾಗಕ್ಕೆ ಹೊರ ರೆಕ್ಕೆ ಸೇರಿಸುವಾಗ ಬರೀ ಅಂಟು ಸಾಲದು. ಎರಡೂ ಕಡೆ ಬೈರಿಗೆಯಲ್ಲಿ ತೂತು ಕೊರೆದು ಬಿದಿರಿನ ಗೂಟ ಇಟ್ಟೆ. ತುದಿ ಎಷ್ಟು ಮೇಲೇಳಬೇಕು ಅಂತ ಮುಂದಿನ ನೋಟದಿಂದ ಅಳೆದರೆ 12 ಮಿಲಿಮೀಟರ್ ಬಂತು. ಆ ಎತ್ತರದ ಎರಡು ಮರದ ತುಂಡು ಕೊಯ್ದು ಎರಡೂ ತುದಿಯ ಕೆಳಗಿಟ್ಟು, ನಡುಭಾಗದ ಮೇಲೆ ಇಸ್ತ್ರಿಪೆಟ್ಟಿಗೆ ಭಾರಕ್ಕೆ ಹೇರಿ ಒಣಗಲು ಬಿಟ್ಟೆ.

ಮೈಯ ಕೆಳಗೆ ರೆಕ್ಕೆ ಕೂರಲು ಗಾಡಿ, ಅಂದರೆ ತೋಡು, ಕೊರೆಯೋದು ನನಗೆ ಭಯದ ಕೆಲಸವಾಗಿತ್ತು. ಜಾಸ್ತಿ ಕೊರೆದರೆ ಸಂದು, ಕಡಿಮೆ ಕೊರೆದರೆ ರೆಕ್ಕೆ ವಾಲುತ್ತದೆ. ಇದಕ್ಕೆ ಕಾರ್ಬನ್ ಕಾಗದ ಒಳ್ಳೆ ಉಪಾಯ. ರೆಕ್ಕೆಗೂ ಮೈಗೂ ನಡುವೆ ಅದನ್ನಿಟ್ಟು ಒತ್ತಿ ತೆಗೆದರೆ ಎಲ್ಲಿ ತಾಗುತ್ತಿದೆಯೋ ಅಲ್ಲಿ ನೀಲಿ ಗುರುತು ಬೀಳುತ್ತದೆ. ಅಷ್ಟನ್ನೇ ಕೆರೆದು ಮತ್ತೆ ಒತ್ತಬೇಕು. ಮೊದಲು ಎರಡು ಚುಕ್ಕೆ, ಆಮೇಲೆ ನಾಲ್ಕು, ಆಮೇಲೆ ಹತ್ತು. ಇಡೀ ಗಾಡಿ ನೀಲಿಯಾದಾಗ ಕೆಲಸ ಮುಗಿದಂತೆ. ನನ್ನ ಕೈಯೂ ನೀಲಿಯಾಗಿತ್ತು. ಆ ಕೈಯಲ್ಲಿ ಮರ ಮುಟ್ಟಿ ಆದ ಕಲೆ ತೆಗೆಯಲು ಇನ್ನೊಂದು ಸಂಜೆ ಹೋಯಿತು, ಅದು ಬೇರೆ ಮಾತು.

ಬಾಲದ ಪಟ್ಟಿಗಳು ಬೇಗ ಆದವು. ಗಾಲಿಗಳಿಗೆ ದುಂಡು ಕೋಲನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದೆ, ಕಾಲುಗಳಿಗೆ ಹಳೇ ಸೈಕಲ್ ಕಡ್ಡಿ. ಸ್ಟ್ಯಾಂಡಿನ ಮೇಲೆ ಹಾರುತ್ತಿರುವ ಹಾಗೆ ನಿಲ್ಲಿಸೋದು ಸುಲಭ ಇತ್ತು. ಆದರೆ ಚಿಕ್ಕಪ್ಪ ಡಕೋಟಾ ನೋಡಿದ್ದು ನೆಲದ ಮೇಲೆ, ಬಾಲದ ಪುಟ್ಟ ಗಾಲಿ ಊರಿ ಮೂಗು ಮೇಲೆತ್ತಿ ನಿಂತಾಗ. ಹಾಗೇ ನಿಲ್ಲಬೇಕು ಅನ್ನಿಸಿತು.

ಇಂಜಿನ್ ಗೂಡುಗಳನ್ನು ದುಂಡು ಕೋಲಿನಿಂದ ಮಾಡಿದೆ. ಡ್ರಿಲ್ ಮಷೀನಿಗೆ ಸಿಕ್ಕಿಸಿ ತಿರುಗಿಸುತ್ತಾ ಕಾಗದ ಹಿಡಿದರೆ ಮುಂದಿನ ಬಾಯಿ ಚೆನ್ನಾಗಿ ದುಂಡಗಾಗುತ್ತದೆ. ನಿಜವಾದ ವಿಮಾನದಲ್ಲಿ ಆ ಗೂಡಿನೊಳಗೆ ಹದಿನಾಲ್ಕು ಸಿಲಿಂಡರ್ ಚಕ್ರದ ಹಾಗೆ ಸುತ್ತಲೂ ಕೂತಿರುತ್ತವೆ. ಅಷ್ಟು ಸಣ್ಣದು ನನ್ನ ಕೈಲಾಗದು. ಒಳಗೆ ಕಪ್ಪು ಹಚ್ಚಿ ಸುಮ್ಮನಾದೆ.

ಪ್ರೊಪೆಲ್ಲರ್‌ಗೆ ಬಿದಿರು ಬಳಸಿದೆ. ತೆಳ್ಳಗೆ ಕೆತ್ತಿದರೂ ಮುರಿಯೋದಿಲ್ಲ. ಒಂದೊಂದಕ್ಕೆ ಮೂರು ಬ್ಲೇಡು, ಒಟ್ಟು ಆರು. ಬ್ಲೇಡು ಚಪ್ಪಟೆ ಇರೋದಿಲ್ಲ. ಬುಡದಿಂದ ತುದಿಗೆ ಹೋಗುತ್ತಾ ಸ್ವಲ್ಪ ತಿರುಚಿಕೊಳ್ಳುತ್ತದೆ. ಎಡಗಡೆಯ ಮೂರನ್ನು ಫೋಟೋ ನೋಡಿಕೊಂಡು ಕೆತ್ತಿದೆ. ಬಲಗಡೆಯ ಮೂರಕ್ಕೆ ಫೋಟೋ ಯಾಕೆ, ನಿಯಮ ರಟ್ಟಿನ ಮೇಲೇ ಇತ್ತಲ್ಲ, ಎಡ ಮಗುಚಿದರೆ ಬಲ. ಕನ್ನಡಿಯಲ್ಲಿ ನೋಡಿದ ಹಾಗೆ ಎದುರು ತಿರುಚು ಕೊಟ್ಟೆ. ಗುಂಡುಸೂಜಿ ಚುಚ್ಚಿ, ನಡುವೆ ಒಂದು ಪುಟ್ಟ ಮಣಿ ಇಟ್ಟು, ಬೆರಳು ತಾಗಿಸಿದರೆ ತಿರುಗುವ ಹಾಗೆ ಕೂರಿಸಿದೆ. ಎದುರಿನಿಂದ ನೋಡಿದರೆ ಎರಡೂ ಒಂದಕ್ಕೊಂದು ಜೋಡಿ. ನನ್ನ ಕೈ ನನಗೇ ಇಷ್ಟವಾದ ಸಂಜೆ ಅದು.

ಕೊನೆಯ ಹತ್ತು ದಿನ ಬರೀ ಉಜ್ಜಿದ್ದು. 120ರ ಕಾಗದ, 180, 240, 320, ಕೊನೆಗೆ 400. 240 ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದೆ. ಒಣಗಿದಾಗ ಮಲಗಿದ್ದ ನಾರೆಲ್ಲ ಎದ್ದು ನಿಂತು ಮತ್ತೆ ಒರಟಾಗುತ್ತದೆ. ಗಾಬರಿ ಬೇಡ, ಆ ಎದ್ದ ನಾರನ್ನು ಒಮ್ಮೆ ಉಜ್ಜಿ ತೆಗೆದರೆ ಪಾಲಿಶ್ ಹಚ್ಚಿದಾಗ ಅಷ್ಟಾಗಿ ಏಳೋದಿಲ್ಲ. ಕಿಟಕಿಗಳನ್ನು ಬೆಸುಗೆ ಕಡ್ಡಿಯ ಬಿಸಿ ತುದಿಯಲ್ಲಿ ಸುಟ್ಟು ಗುರುತಿಸಿದೆ. ಕೊನೆಯ ಕಿಟಕಿಯ ಹತ್ತಿರ ಫೋನ್ ಬಂತು, ಅದು ಉಳಿದವಕ್ಕಿಂತ ಸ್ವಲ್ಪ ದೊಡ್ಡದಾಯಿತು.

ಅರಗಿನ ಪಾಲಿಶ್ ಹಚ್ಚುವಾಗ ಇನ್ನೊಂದು ಪೆಟ್ಟು. ಮೊದಲ ಕೋಟಿಗೇ ಮೂಗು ಕಪ್ಪಗಾಯಿತು, ಮಸಿ ಮೆತ್ತಿದ ಹಾಗೆ. ಮೂಗಿನಲ್ಲಿ ಎಳೆಗಳ ಬಾಯಿ ತೆರೆದಿರುತ್ತದಲ್ಲ, ಅದು ಸ್ಪಂಜಿನ ಹಾಗೆ ಕುಡಿಯುತ್ತದೆ. ಅಲ್ಲಿಗೆ ಮೊದಲೇ ತೀರಾ ತೆಳು ಮಾಡಿದ ಪಾಲಿಶ್ ಕುಡಿಸಿ, ಒಣಗಿಸಿ, ಉಜ್ಜಿ, ಆಮೇಲೆ ಇಡೀ ಮೈಗೆ ಹಚ್ಚಬೇಕಿತ್ತು. ಮೂಗನ್ನು ಬಿಳಿ ಮರ ಕಾಣುವವರೆಗೆ ಉಜ್ಜಿ ಮತ್ತೆ ಶುರು ಮಾಡಿದೆ. ಮೂಗು ಒಂದು ಕೂದಲೆಳೆ ಗಿಡ್ಡ ಆಗಿರಬಹುದು. ಮೂರು ತೆಳು ಕೋಟು ಆದ ಮೇಲೆ ಜೇನಿನ ಬಣ್ಣ ಬಂತು. ಬೆನ್ನ ಮೇಲೆ ಆ ಅಂಟಿನ ಗೆರೆ ಈಗಲೂ ಸಣ್ಣಗೆ ಕಾಣುತ್ತದೆ.

ರಟ್ಟಿನ ಪೆಟ್ಟಿಗೆಯಲ್ಲಿ ರೆಕ್ಕೆಯ ತುದಿ ಎಲ್ಲೂ ತಾಗದ ಹಾಗೆ ನಡುಭಾಗವನ್ನು ಥರ್ಮೋಕೋಲಿನಲ್ಲಿ ಕಚ್ಚಿಸಿ ತೆಗೆದುಕೊಂಡು ಹೋದೆ. ಚಿಕ್ಕಪ್ಪ ಪೆಟ್ಟಿಗೆ ತೆರೆದರು. ಏನೂ ಮಾತಾಡಲಿಲ್ಲ. ಕನ್ನಡಕ ಹಾಕಿಕೊಂಡು ವಿಮಾನವನ್ನು ಮೇಜಿನ ಮೇಲೆ ನಿಲ್ಲಿಸಿದರು. ಆಮೇಲೆ ಎದ್ದು ಅದರ ಎದುರಿಗೆ ಬಂದು, ಎಡಗಡೆಯ ಪ್ರೊಪೆಲ್ಲರನ್ನು ತೋರುಬೆರಳಿನಲ್ಲಿ ಒಂದೊಂದೇ ಬ್ಲೇಡು ಇಳಿಸುತ್ತಾ ತಿರುಗಿಸಿದರು. ತುಟಿಯಲ್ಲೇ ಎಣಿಸುತ್ತಿದ್ದರು.

"ಏನು ಎಣಿಸ್ತಿದ್ದೀರಿ ಚಿಕ್ಕಪ್ಪ?"

"ರಾತ್ರಿ ನಿಂತ ವಿಮಾನ ಕಣೋ. ಎಣ್ಣೆ ಎಲ್ಲಾ ಕೆಳಗಿನ ಸಿಲಿಂಡರಿಗೆ ಇಳಿದಿರುತ್ತೆ. ಕೈಯಲ್ಲಿ ತಿರುಗಿಸಿ ನೋಡದೆ ಸ್ಟಾರ್ಟ್ ಮಾಡಿದ್ರೆ ರಾಡು ಬಗ್ಗುತ್ತೆ."

ಬಲಗಡೆಗೆ ಬಂದರು. ಮೊದಲ ಬ್ಲೇಡಿನ ಮೇಲೆ ಬೆರಳಿಟ್ಟವರು ಅಲ್ಲೇ ನಿಂತರು. ಬೆರಳನ್ನು ಬುಡದಿಂದ ತುದಿಗೆ ಸವರಿದರು. ಎಡಗಡೆಯದನ್ನೂ ಸವರಿದರು. ನನಗೆ ಹೊಟ್ಟೆಯಲ್ಲಿ ಏನೋ ಆಯಿತು.

"ಇದು ಹಿಂದಕ್ಕೆ ಎಳೀತದೆ," ಅಂದರು.

"ಯಾಕೆ, ಎಡ ಬಲ ಜೋಡಿ ಅಲ್ವಾ?"

"ಎಲ್ಲಾ ಜೋಡಿ, ಇದೊಂದು ಬಿಟ್ಟು. ಹಿಂದೆ ನಿಂತು ನೋಡಿದ್ರೆ ಎರಡೂ ಗಡಿಯಾರದ ಮುಳ್ಳಿನ ಹಾಗೇ ತಿರುಗ್ತವೆ. ಎರಡೂ ಕಡೆ ಒಂದೇ ಇಂಜಿನ್. ಕೆಟ್ಟರೆ ಸ್ಟೋರಿಂದ ಇನ್ನೊಂದು ತಂದು ಕೂರಿಸ್ತಿದ್ವಿ, ಎಡದ್ದೋ ಬಲದ್ದೋ ಅಂತ ಯಾರು ಕೇಳ್ತಿದ್ರು?" ಸ್ವಲ್ಪ ತಡೆದು ನಕ್ಕರು. "ನೀನು ಮಾಡಿದ ಹಾಗೆ ಮಾಡಿದ್ದು ರೈಟ್ ಬ್ರದರ್ಸ್. ಒಂದೇ ಇಂಜಿನ್ನಿಂದ ಎರಡು ಚೈನು, ಒಂದನ್ನ ಅಡ್ಡ ತಿರುಚಿ ಹಾಕಿದ್ರು. ಒಂದು ಪ್ರೊಪೆಲ್ಲರ್ ಈ ಕಡೆ, ಒಂದು ಆ ಕಡೆ."

ರೆಕ್ಕೆಯ ಎತ್ತರ ನೋಡಲಿಲ್ಲ, ದೊಡ್ಡ ಕಿಟಕಿ ನೋಡಲಿಲ್ಲ, ಸಿಬರು ಎದ್ದ ಜಾಗದ ಮೇಲೆ ಕೈ ಹೋಗಲೇ ಇಲ್ಲ. ನಾನು ಹೆದರಿದ್ದೆಲ್ಲ ಹಾಗೇ ದಾಟಿ ಹೋಯಿತು. ತೆಗೆದುಕೊಂಡು ಹೋಗಿ ಸರಿ ಮಾಡಿ ತರುತ್ತೇನೆ ಅಂದೆ. ಬೇಡ, ಇಲ್ಲೇ ಇರಲಿ ಅಂದರು.

ವಾರ ಕಳೆದು ಫೋನ್ ಮಾಡಿದರು. "ಆ ಬಿದಿರು ಇನ್ನೂ ಇದೆಯೇನೋ? ಬರುವಾಗ ಒಂದು ತುಂಡು ತಗೊಂಡು ಬಾ. ಚಾಕೂ ಇರಲಿ."

ಮೂರು ಬ್ಲೇಡು ಕೆತ್ತೋಕೆ ಅವರು ಎರಡು ಮಧ್ಯಾಹ್ನ ತಗೊಂಡರು. ಕೈ ಸ್ವಲ್ಪ ನಡುಗುತ್ತದೆ, ಆದರೆ ತಿರುಚು ಸರಿಯಾಗಿ ಬಂತು. ಕೂರಿಸುವ ಮೊದಲು ಒಂದು ಸೂಜಿಗೆ ಸಿಕ್ಕಿಸಿ ಅಡ್ಡ ಹಿಡಿದರು. ಒಂದು ಬ್ಲೇಡು ತಿರುಗಿ ತಿರುಗಿ ಕೆಳಕ್ಕೇ ಬರುತ್ತಿತ್ತು. ಅದರ ತುದಿಯನ್ನು 400ರ ಕಾಗದದಲ್ಲಿ ನಾಲ್ಕು ಸಲ ಎಳೆದು ಮತ್ತೆ ಸೂಜಿಗೆ ಹಾಕಿದರು. ಮತ್ತೆ ಎಳೆದರು. ಹೇಗೆ ಬಿಟ್ಟರೂ ಹಾಗೇ ನಿಲ್ಲುವ ತನಕ ಬಿಡಲಿಲ್ಲ.

"ಇದು ತಿರುಗೋ ವಿಮಾನ ಅಲ್ಲ ಚಿಕ್ಕಪ್ಪ," ಅಂದೆ.

ಅವರು ಉತ್ತರ ಕೊಡಲಿಲ್ಲ. ನಾನು ಮಾಡಿದ್ದ ಎಡಗಡೆಯ ಪ್ರೊಪೆಲ್ಲರನ್ನು ಮೆಲ್ಲಗೆ ಬಿಚ್ಚಿ ಅದನ್ನೂ ಸೂಜಿಗೆ ಹಾಕಿದರು. ಒಂದು ಬ್ಲೇಡು ಸರ್ರನೆ ಕೆಳಗಿಳಿಯಿತು.

"ಉಪ್ಪು ಕಾಗದ ಇಲ್ಲೇ ಬಿಟ್ಟು ಹೋಗು," ಅಂದರು.